ಎರಡು ಬೆರಳು

ಗುಳೇದಗುಡ್ಡದ ಪೇಟೆಯಲ್ಲಿ ಹತ್ತೊಂಬತ್ತು ವರ್ಷ
ಖಣ ಅಳೆದವ ನಾನು. ಸಾವಕಾರನ ಗಾದಿಯ ಎಡಕ್ಕೆ
ನನ್ನ ಚಾಪೆ, ಕಿವಿಯ ಮೇಲೆ ಪೆನ್ಸಿಲ್ಲು,
ಗೋಡೆಯ ಮೊಳೆಗೆ ತೂಗುವ ಗಜಗೋಲು:
ಸಾಗವಾನಿ, ಎರಡೂ ತುದಿಗೆ ಹಿತ್ತಾಳೆಯ ಬಿಲ್ಲೆ,
ನಡುವೆ ಮೂರು ತಲೆಮಾರಿನ ಅಂಗೈ ಸವರಿದ ಮಿನುಗು.

ನೇಕಾರರು ಬರುವರು, ಹೆಗಲ ಮೇಲೆ ವಾರದ ದುಡಿಮೆ.
ಬಿಚ್ಚುತ್ತಿದ್ದೆ, ಅಳೆಯುತ್ತಿದ್ದೆ, ಹೇಳುತ್ತಿದ್ದೆ:
ಗಜಕ್ಕೆ ಎರಡು ಬೆರಳು ಕಡಿಮೆ.
ಯಾರಿಗೂ ತಪ್ಪದ ಎರಡು ಬೆರಳು.
ಒಬ್ಬ ತನ್ನ ಮಗ್ಗವನ್ನು ಬೈದ.
ಒಬ್ಬ ಮಗನನ್ನು ಬಡಿದ, ನೂಲು ಕದ್ದು ಮಾರಿದೆಯೆಂದು.
ಸೋದರತ್ತೆ ತಬಿತವ್ವ,
ಹೆಗಲಿಂದ ಬೆರಳ ತುದಿಗೆ ಅಳೆದು ನೇಯುವಾಕಿ,
ಅಂಗಡಿಯ ಬೆಳಕಿಗೆ ಕೈ ಚಾಚಿ ನೋಡಿಕೊಂಡಳು:
"ವಯಸ್ಸಾತಲ್ಲೋ ಯೋನಾ, ತೋಳು ಗಿಡ್ಡ ಆಗ್ಯಾವ."

ದರ್ಜಿ ಮೌಲಾಸಾಬ ಟೇಪು ಮರೆತುಹೋದ ಮಧ್ಯಾಹ್ನ
ಸುಮ್ಮನೆ, ಬೇಸರಕ್ಕೆ, ಕೋಲಿಗೆ ಹಚ್ಚಿ ನೋಡಿದೆ.
ಗಜ ಮುಗಿದ ಮೇಲೂ ಕೋಲು ಮುಗಿಯಲಿಲ್ಲ.
ಎರಡು ಬೆರಳು.
ಮೂರು ಸಲ ಹಚ್ಚಿದೆ. ಆಮೇಲೆ
ಟೇಪನ್ನು ಸುರುಳಿ ಸುತ್ತಿ ಕಿಸೆಗೆ ಹಾಕಿಕೊಂಡೆ.
ಸಂಜೆ ಮೌಲಾಸಾಬ ಬಂದು ಕೇಳಿದಾಗ
ಕಂಡಿಲ್ಲವೆಂದೆ.

ಅಷ್ಟೇ. ಪಾಪ ಇಷ್ಟು ಸಣ್ಣದು,
ಕಿಸೆಯಲ್ಲಿ ಹಿಡಿಸುವಂಥದ್ದು.
ಅದಕ್ಕೊಂದು ಮಧ್ಯಾಹ್ನವಿತ್ತು, ನನ್ನ ಹೆಸರಿತ್ತು.

ಆದರೆ ಕೋಲು?
ಅದನ್ನು ಮಾಡಿಸಿದವರಾರು? ಸಾವಕಾರನಿಗೆ ಅದು
ಅಪ್ಪನಿಂದ ಬಂದದ್ದು, ಆ ಅಪ್ಪನಿಗೆ ಅವನ ಅಪ್ಪನಿಂದ.
ನೇಕಾರರ ಮನೆಯ ಮದುವೆಗೆ ಅಕ್ಕಿ ಕಳಿಸುವ ಮನುಷ್ಯ,
ಇರುವೆ ಕಂಡರೆ ಹೆಜ್ಜೆ ಬದಲಿಸುವವ.
ಯಾವುದೋ ಬಡಗಿಯ ಕೈತಪ್ಪೋ, ಸತ್ತವರ ಜಾಣತನವೋ,
ಹುಡುಕಿದರೆ ಒಬ್ಬ ಕಳ್ಳನೂ ಸಿಗಲಿಲ್ಲ.
ಎಲ್ಲರೂ ಪ್ರಾಮಾಣಿಕವಾಗಿಯೇ ಅಳೆದಿದ್ದರು
ಕೆಟ್ಟ ಕೋಲಿನಿಂದ.

ಅಯ್ಯನವರು ಒಮ್ಮೆ ಹೇಳಿದ್ದರು,
ಕೇಡಿಗೆ ತನ್ನದೆಂಬ ಹುಟ್ಟಿಲ್ಲ,
ಕೆಡಬೇಕಾದರೆ ಮೊದಲು ಹಾಲಿರಬೇಕು,
ಖಣದ ತೂತನ್ನು ಯಾವ ನೂಲಿಂದ ನೇಯ್ದಾರು?
ಆಗ ತಲೆದೂಗಿದ್ದೆ.
ಇರಬಹುದು. ಆದರೆ ಆ ಇಲ್ಲದ ನೂಲಿನ ತೂತಿನಿಂದ
ಒಂದು ಊರಿನ ಜೋಳ ಸೋರಿಹೋಯಿತು.

ದಿನಾ ಹೇಳುವ ಪ್ರಾರ್ಥನೆಯಲ್ಲಿ ಎರಡು ಬೇಡಿಕೆ, ಅಕ್ಕಪಕ್ಕ:
ತಪ್ಪಿಗೆ ಕ್ಷಮೆ ಬೇಡುವುದು, ಕೇಡನ್ನು ತಪ್ಪಿಸೆನ್ನುವುದು.
ನಲವತ್ತು ವರ್ಷ ಒಂದೇ ಉಸಿರಲ್ಲಿ ದಾಟಿದ್ದೆ.
ಆ ಭಾನುವಾರ ಎರಡರ ನಡುವೆ ನಾಲಗೆ ನಿಂತಿತು.
ಮೊದಲನೆಯದು ನನ್ನದು, ಮಂಡಿಯೂರಿ ಕೇಳಬಹುದು.
ಎರಡನೆಯದನ್ನು ಕ್ಷಮಿಸೆಂದು ಯಾರೂ ಬೇಡುವುದಿಲ್ಲ.
ಕೇಡಿಗೆ ಮಂಡಿಯಿಲ್ಲ.

ರೊಟ್ಟಿ ನನ್ನ ಸಾಲಿಗೆ ಬರುವ ಮೊದಲೇ ಎದ್ದು ಹೊರಟೆ.
ಆಗತಾನೇ ಜ್ವರ ಬಿಟ್ಟ ತಬಿತವ್ವ ಕಟ್ಟೆಯ ಮೇಲೆ
ಸೀತಾಫಲದ ಬೀಜ ಉಗುಳುತ್ತ ಕೂತಿದ್ದಳು.
ಎಲ್ಲ ಹೇಳಿದೆ. ಟೇಪು ಕೈಗಿಟ್ಟೆ.
ಹೆಗಲಿಂದ ಬೆರಳಿಗೆ ಎಳೆದು ಹಿಡಿದಳು,
ಅಂಕಿ ಬಾರದು, ನನ್ನಿಂದಲೇ ಓದಿಸಿದಳು.
ತೋಳು ಗಿಡ್ಡವಾಗಿರಲಿಲ್ಲ.
ಬಹಳ ಹೊತ್ತಿನ ಮೇಲೆ ಲೊಚಗುಟ್ಟಿ ಅಂದಳು:
"ಪಾಪ."

ಬಿದ್ದ ಕೂಸಿಗೂ, ಕುಂಟುವ ನಾಯಿಗೂ
ನಾವು ಅದನ್ನೇ ಅನ್ನುತ್ತೇವೆ.
ಮಾಡಿದ್ದಕ್ಕೆ ಹೆಸರಿಟ್ಟಳೋ,
ಮಾಡಿದವನನ್ನು ಕಂಡು ಮರುಗಿದಳೋ,
ಕೇಳಲಿಲ್ಲ.
ಕೇಡು ಎಂದು ಲೊಚಗುಟ್ಟಿದವರನ್ನು ಮಾತ್ರ
ಇದುವರೆಗೆ ಕಂಡಿಲ್ಲ.

ಸೋಮವಾರ ಕೋಲು ಮುರಿದು ನೀರೊಲೆಗೆ ಹಾಕಿದೆ.
ಕೆಲಸ ಹೋಯಿತು.
ಬುಧವಾರ ಅದೇ ಮೊಳೆಗೆ ಹೊಸ ಕೋಲು.
ಹಳೆಯದು ತೂಗಿ ತೂಗಿ ಗೋಡೆಯ ಮೇಲೆ
ಬಿಳಿಯ ಗುರುತು ಬಿಟ್ಟಿತ್ತಲ್ಲ,
ಬಡಗಿ ಅದನ್ನೇ ಅಳತೆ ಹಿಡಿದಿದ್ದ.

ಆ ವಾರವೂ ತಬಿತವ್ವ ಖಣ ಹೊತ್ತು ಪೇಟೆಗೆ ಬಂದಳು,
ಮೌಲಾಸಾಬ ಬಿಟ್ಟುಕೊಟ್ಟ ಟೇಪನ್ನು
ಸೆರಗಿನ ತುದಿಗೆ ಗಂಟು ಹಾಕಿಕೊಂಡು.