ಸಾಕು

ಶನಿವಾರ. ಡೊಂಬಿವಲಿಯಿಂದ ಆರು ನಲವತ್ತರ ಲೋಕಲ್.
ಪರೇಲಿನಲ್ಲಿ ಇಳಿಯಬೇಕು, ಊಟ ಹಾಕುವುದಿದೆ.
ಪಕ್ಕದ ಸೀಟಿನವಳು ಮೆಂತ್ಯ ಬಿಡಿಸುತ್ತ ಕೇಳುತ್ತಾಳೆ:
ರಜೆಯ ದಿನವೂ ಯಾರಿಗೆ ಊಟ, ಅತ್ತೆಗೋ ನಾಯಿಗೋ?
ಏನು ಹೇಳಲಿ.

ಐದನೇ ಮಹಡಿ. ಎರಡು ಬಾಗಿಲು, ಒಂದರ ಹಿಂದೊಂದು.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ
ಅಂಗೈ ಅಗಲದ ಫ್ಲಾಸ್ಕು, ತಳದಲ್ಲಿ ಗುಲಾಬಿ ನೀರು.
ಹಳದಿಗೆ ತಿರುಗಿದ್ದರೆ ಹಸಿದಿವೆ.
ಬೆಳಕಿಗೆ ಹಿಡಿಯುತ್ತೇನೆ,
ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ.

ಸುಲಭಾ ಗವಸ. ಬಸ್ ಕಂಡಕ್ಟರ್. ಐವತ್ತೆರಡು.
ಸಣ್ಣ ಕರುಳಿನಲ್ಲಿ ಗಂಟು,
ಲಕ್ಷಕ್ಕೆ ಒಬ್ಬರಿಗೆ ಬರುವಂಥದ್ದು ಎಂದಿದ್ದರು ಡಾಕ್ಟರ್ ಪೆರ್ಸಿಸ್.
‘ಲಕ್ಷಗಟ್ಟಲೆ ಟಿಕೆಟ್ ಹರಿದು ಕೊಟ್ಟೆ,
ಇದೊಂದು ನನಗೇ ಉಳಿಯಿತಾ?’
ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತ ಪೆನ್ನು ನಿಲ್ಲಿಸಿದಳು:
‘ಇದನ್ನಿಟ್ಟುಕೊಂಡು ಏನು ಮಾಡ್ತೀ, ಪೋರಿ?’
ಸಾಕುತ್ತೇವೆ, ಅಂದೆ.
ಹೊಟ್ಟೆ ಹಿಡಿದು ನಕ್ಕಳು, ನಗುವಿನ ನಡುವೆಯೇ ನೋವಾಗಿ ನಿಂತಳು.
‘ಇಷ್ಟು ದಿನ ನಾನು ಸಾಕಿದೆ. ಇನ್ನು ನೀನು.’
ಮರಾಠಿಯಲ್ಲೇ ಆಡಿದ ಮಾತು.
ನನ್ನ ಕಿವಿಯೊಳಗೆ ಮಾತ್ರ ಅದು ಕನ್ನಡವಾಗಿ
ಎರಡು ಅರ್ಥಕ್ಕೆ ಸೀಳಿ ಬಿತ್ತು.

ಊರಲ್ಲಿ ಅಜ್ಜಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು,
ಸಾಕು, ಸಾಕು.
ಬಡಿಸುವ ಸೌಟು ಅಲ್ಲೇ ನಿಲ್ಲುತ್ತಿತ್ತು.
ಸಾಕು ಅನ್ನಲು ಬಾರದ ಇವನ್ನು
ಎರಡು ದಿನಕ್ಕೊಮ್ಮೆ ಸಾಕುತ್ತಿದ್ದೇನೆ.

ಅವಳಿಗೂ ಮೊದಲು ಹನ್ನೊಂದು ಜನರ ಗಂಟು ಬಂದಿದ್ದವು.
ಒಂದಕ್ಕೆ ಬೂಷ್ಟು ಹಿಡಿಯಿತು.
ಒಂದು ಐಸಿನ ಡಬ್ಬಿಯಲ್ಲಿ, ಲಿಫ್ಟಿಗೆ ಕಾಯುತ್ತಲೇ ಸತ್ತಿತು.
ಉಳಿದವನ್ನು ಜೊತೆಗೆ ಬಂದ ಒಳ್ಳೆಯ ಜೀವಕೋಶಗಳೇ
ಕಳೆಯಂತೆ ಹಬ್ಬಿ ನುಂಗಿದವು.
ಮೈಯೊಳಗೆ ಯಾರ ಮಾತೂ ಕೇಳದ ಗಡ್ಡೆ
ಹೊರಗೆ ಇಷ್ಟು ಬಡಪಾಯಿ ಎಂದು ನನಗೇನು ಗೊತ್ತು?
ಇಲಿಗೂ ಬಾರದ ರೋಗ;
ಔಷಧಿಯನ್ನು ಮೊದಲು ಯಾವುದರ ಮೇಲೆ ಸುರಿದು ನೋಡುವುದು?
ಅದಕ್ಕೇ ಬದುಕಬೇಕು ಇದು,
ಕೊಲ್ಲಲು ಬರುವಷ್ಟಾದರೂ.

ಸುಲಭಾಳವು ನೆಲ ಹಿಡಿಯಲಿಲ್ಲ.
ಗುಂಪು ಗುಂಪಾಗಿ ತೇಲಿದವು,
ಒಳಗೆ ಜಾಗವಿದ್ದೂ ಬಾಗಿಲಲ್ಲೇ ಜೋತುಬೀಳುವ ಗಿರಾಕಿಗಳ ಹಾಗೆ.
ಬೇರೆಯವು ದಿನಕ್ಕೆ ಇಮ್ಮಡಿಯಾದರೆ
ಇವಕ್ಕೆ ತಿಂಗಳೂ ಸಾಲದು.
‘ಪುಢೇ ಚಲಾ’ ಎಂದು ನಾನೇ ಗದರಿದ್ದೇನೆ, ಯಾರೂ ಇಲ್ಲದಾಗ.

ಗಣಪತಿ ಮುಳುಗಿಸುವ ದಿನ ಬೀದಿಯೆಲ್ಲ ಬಂದ್.
ಜನರ ಬೆನ್ನಿಗೆ ಬೆನ್ನು ಉಜ್ಜಿ, ಗುಲಾಲು ಮೆತ್ತಿಕೊಂಡು
ಮೂರು ಗಂಟೆಗೆ ತಲುಪಿದೆ.
ಕೂದಲು ತೊಳೆದು, ಗೌನು ಹಾಕಿ, ಫ್ಲಾಸ್ಕು ಎತ್ತಿದರೆ
ಕೆಳಗಿನ ಢೋಲಿಗೆ
ಗುಲಾಬಿ ನೀರಿನಲ್ಲಿ ಸಣ್ಣ ಸಣ್ಣ ಬಳೆ.

ಫೆಬ್ರುವರಿಯಲ್ಲಿ ಸುಲಭಾ ಹೋದಳು.
ಮಾರ್ಚಿನಲ್ಲಿ ಒಂದು ಫ್ಲಾಸ್ಕು ಎರಡಾಯಿತು.
‘ಹಿಡಿದವು!’ ಎಂದು ಕಾರಿಡಾರಿನಲ್ಲಿ ಓಡಿದೆ.
ಪೆರ್ಸಿಸ್ ಮೇಡಂ ಮಾವಾ ಕೇಕು ತರಿಸಿದರು.
ಬಾಯಿಗಿಟ್ಟ ತುಂಡನ್ನು ಬಹಳ ಹೊತ್ತು ಅಗಿದೆ.

ಮೊನ್ನೆ ಅವಳ ಗಂಡ ಬಂದಿದ್ದ,
ಬಿಲ್ಲಿಗೆ ಒಂದು ಮೊಹರು ಬೇಕಿತ್ತು.
ಹೋಗುವಾಗ ಕೇಳಿದ: ‘ಅದು ಇದೆಯಾ ಇನ್ನೂ?’
ಇದೆ.
‘ಅವಳ ಹೆಸರಿಟ್ಟಿದ್ದೀರಾ?’
ಇಲ್ಲ, ಬರೀ ನಂಬರು.
‘ಒಳ್ಳೆಯದು. ಅದು ಅವಳಲ್ಲ.’
ಮೆಟ್ಟಿಲ ತಿರುವಿನಲ್ಲಿ ಮತ್ತೆ ನಿಂತ:
‘ಸಿಹಿ ಏನಾದರೂ ಹಾಕ್ತೀರಾ ಊಟಕ್ಕೆ?’
ಸಕ್ಕರೆ ಇರುತ್ತದೆ, ಅಂದೆ.
ತಲೆಯಾಡಿಸಿ ಇಳಿದುಹೋದ.

ಒಂದು ಟಿಂಗ್ ಅಂದರೆ ನಿಲ್ಲು,
ಎರಡು ಟಿಂಗ್ ಅಂದರೆ ಹೊರಡು;
ಅವಳೇ ಹೇಳಿಕೊಟ್ಟದ್ದು, ವಾರ್ಡಿನ ಮಂಚದ ಸರಳಿಗೆ ಬಳೆ ಬಡಿದು.
ಪೆಟ್ಟಿಗೆಯ ಬಾಗಿಲು ಹಾಕಿದೆ.
ಒಮ್ಮೆ ಕೂಗಿತು.
ಹೊರಗೆ ಶನಿವಾರ, ಹನ್ನೊಂದು ಗಂಟೆ.
ಇನ್ನೊಂದಕ್ಕೆ ಕಿವಿಗೊಟ್ಟು
ನಿಂತೇ ಇದ್ದೆ.