ಹನ್ನೆರಡು ಜೇಬಿನ ಚೀಲ

ಅಬಾಯದ ಅಂಗಡಿಯಲ್ಲಿ ಮಿಕ್ಕ ಕರಿ ಕ್ರೇಪಿನಲ್ಲಿ
ಹೊಲಿದದ್ದು ಇದು. ಹನ್ನೆರಡು ಜೇಬು.
ಅಜ್ಮಾನಿನ ರಾಶಿದಿಯಾದಲ್ಲಿ ಏಳನೆಯ ಮಹಡಿ,
ಒಂದು ಮಲಗುವ ಕೋಣೆ, ಒಂದು ಬಾಲ್ಕನಿ, ಅದರ ತುಂಬ ಮರಳು,
ಅಷ್ಟೂ ಇದರೊಳಗಿದೆ.

ಮೊದಲ ಜೇಬಿನಲ್ಲಿ ಹಕ್ಕುಪತ್ರ.
ಬಲದಿಂದ ಎಡಕ್ಕೆ ಹರಿವ ಅಕ್ಷರಗಳಲ್ಲಿ
ನಾನೆಲ್ಲೋ ಇದ್ದೇನಂತೆ.
ಟೈಪಿಂಗ್ ಸೆಂಟರಿನ ನೂಮಾನ್, ಭಟ್ಕಳದವ, ಬೆರಳಿಟ್ಟು ತೋರಿಸಿದ:
"ಇಲ್ನೋಡಿ ಅಕ್ಕಾ, ಬದ್ಮಿನಿ.
ಇವರ ಲಿಪಿಯಲ್ಲಿ 'ಪ' ಇಲ್ಲ."
ಇರಲಿ.
ಪದ್ಮಿನಿಗೆ ಒಂಬತ್ತು ಬಾಡಿಗೆ ಮನೆ ಆಗಿಹೋಗಿತ್ತು,
ಸ್ವಂತದ್ದು ಬದ್ಮಿನಿಯ ಹಣೆಯಲ್ಲೇ ಬರೆದಿತ್ತು.

ಎರಡರಲ್ಲಿ ಕರಾರು. ಮೂರರಲ್ಲಿ ಬಿಲ್ಡರನ ಎನ್‌ಓಸಿ.
ನಾಲ್ಕರಲ್ಲಿ ಕರೆಂಟಿನ ಡಿಪಾಜಿಟ್ಟು.
"ಇಷ್ಟು ಜೋಪಾನ ನನ್ನ ಬಿಪಿ ಮಾತ್ರೆಗೂ ಇಲ್ಲ"
ಎಂದು ಭೋಜ ನಗುತ್ತಾನೆ. ಎಸಿ ರಿಪೇರಿಯವನು;
ಗ್ಯಾಸು ಸೋರಿದರೆ ಅವನಿಗೆ ತಿಳಿಯುತ್ತದೆ,
ಅಕ್ಷರ ಸೋರಿದರೆ ತಿಳಿಯದು.

ಐದನೆಯ ಜೇಬು ಕೈಕೊಟ್ಟಿತು.
ಹೊಸ ಮೇಂಟೆನನ್ಸ್ ಕಂಪನಿ ಬಾಗಿಲಿಗೆ ನೋಟಿಸು ಅಂಟಿಸಿತು:
ಮೊದಲ ವರ್ಷದ ಸರ್ವಿಸ್ ಚಾರ್ಜು ಬಾಕಿ,
ಆರು ಸಾವಿರದ ನಾನೂರು ದಿರ್ಹಮ್.
ಕಟ್ಟಿದ್ದೆ! ಜುಲೈ ಬಿಸಿಲಲ್ಲಿ ಸಾಲು ನಿಂತು,
ಉಪವಾಸದ ತಿಂಗಳು, ಬಾಟಲಿಯ ನೀರು ಚೀಲದೊಳಗೇ ಕಾದು.
ರಸೀದಿ ತೆಗೆದರೆ ಬಿಳಿ.
ಎರಡೂ ಬದಿ ಬಿಳಿ. ಮಡಿಕೆಯಿದೆ, ಮಾತಿಲ್ಲ.
ಆ ನುಣುಪು ಕಾಗದದಲ್ಲಿ ಶಾಯಿಯೇ ಇರುವುದಿಲ್ಲವಂತೆ,
ಬಿಸಿ ತಾಗಿ ಮೂಡಿದ ಅಕ್ಷರ
ಬಿಸಿಗೇ ಮಾಸುತ್ತದಂತೆ.
ಕಳೆದುಕೊಂಡರೆ ಅಳು ಬರುತ್ತದೆ.
ಕೈಯಲ್ಲಿದ್ದೂ ಕಳೆದುಹೋದರೆ ಏನು ಬರಬೇಕು?

ರಾತ್ರಿ, ಅಂಗಡಿ ಮುಚ್ಚುವ ಹೊತ್ತು,
ಯಾರದೋ ಮದುವೆಯ ಶೈಲಾದ ಅಂಚು ಒತ್ತುತ್ತಿದ್ದೆ.
ಇಸ್ತ್ರಿಪೆಟ್ಟಿಗೆಯ ಬಿಸಿ ತಗ್ಗಿಸಿ, ಮೇಲೊಂದು ಮಸ್ಲಿನ್ ಹಾಸಿ,
ರಸೀದಿಯ ಬೆನ್ನಿಗೆ ಮೆಲ್ಲಗೆ,
ಮಗುವಿನ ಎದೆಗೆ ವಿಕ್ಸ್ ಸವರುವ ಹಾಗೆ
ಒಮ್ಮೆ.
ಇನ್ನೊಮ್ಮೆ.
ಕಾಗದ ಕಪ್ಪಾಯಿತು. ಸುಟ್ಟೆ ಅಂದುಕೊಂಡೆ.
ಆ ಕಪ್ಪಿನೊಳಗಿಂದ, ಸ್ಲೇಟಿನ ಮೇಲೆ ಬಳಪ ಮೂಡಿದಂತೆ,
ಆರು, ನಾಲ್ಕು, ಸೊನ್ನೆ, ಸೊನ್ನೆ.
ಫ್ಲಾಟಿನ ನಂಬರು. ತಾರೀಕಿನ ಮುಕ್ಕಾಲು ಪಾಲು.

ಕಂಪನಿಯ ಹುಡುಗ ಮೊಬೈಲಿನಲ್ಲಿ ಫೋಟೋ ಹೊಡೆದು
"ಓಕೆ ಮೇಡಂ" ಎಂದ. ಅಷ್ಟೇ. ಕ್ಷಮೆ ಗಿಮೆ ಏನಿಲ್ಲ.
ಈಗ ಪ್ರತಿ ಚೀಟಿಗೂ ಮೂರು ಜೆರಾಕ್ಸು:
ಒಂದು ನೂಮಾನನ ಕಪಾಟಿನಲ್ಲಿ,
ಒಂದು ಅಂಗಡಿಯ ಗುಂಡಿಡಬ್ಬಿಯ ತಳದಲ್ಲಿ,
ಇನ್ನೊಂದು ಎಲ್ಲಿಟ್ಟೆನೆಂದು ಹೇಳುವುದಿಲ್ಲ.

ಹನ್ನೊಂದರಲ್ಲಿ ನಮ್ಮಿಬ್ಬರ ವೀಸಾ.
ಎರಡು ವರ್ಷ, ದೇವರ ದಯೆಯಿದ್ದರೆ ಮತ್ತೆರಡು ವರ್ಷ.
ಹಕ್ಕುಪತ್ರಕ್ಕೆ ಅವಧಿ ಮುಗಿಯುವ ತಾರೀಕಿಲ್ಲ,
ಹಕ್ಕಿರುವವರಿಗೆ ಇದೆ.
ಎರಡನ್ನೂ ಪಕ್ಕಪಕ್ಕ ಇಡುವುದಿಲ್ಲ ನಾನು.
ನಡುವೆ ಒಂಬತ್ತು ಜೇಬಿನ ದೂರ.

ಹನ್ನೆರಡನೆಯದು ಖಾಲಿ.
ಅದು ಯಾತಕ್ಕೆ ಎಂದು ಭೋಜ ಕೇಳಿದ.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ,
ಉತ್ತರ ಕೊಡಲಾಗಲಿಲ್ಲ.