ಒಂದು ಮೊಳ ನೀರು

ವೋಲ್ಗಾ ಇಲ್ಲಿ ನದಿಯಲ್ಲ, ಸಮುದ್ರ ಅಂತಾರೆ ಊರವರು.
ಗ್ಲಾಫಿರಾ ಒಪ್ಪುವುದಿಲ್ಲ.
"ಸಮುದ್ರಕ್ಕೆ ಬೀಗ ಹಾಕ್ತಾರಾ ಯಾರಾದರೂ?"

ಏಪ್ರಿಲ್ ಕೊನೆ. ಮಂಜುಗಡ್ಡೆ ದಡ ಬಿಟ್ಟು ಒಂದು ವಾರ.
ದೋಣಿಯಲ್ಲಿ ನನ್ನ ಕೆಲಸ ಥರ್ಮಾಮೀಟರ್ ಇಳಿಬಿಡುವುದು,
ಎತ್ತಿ ಓದುವುದು, ಕೂಗಿ ಹೇಳುವುದು:
ಆರು ಡಿಗ್ರಿ.
ಅವಳ ಕೆಲಸ ಸುಮ್ಮನಿರುವುದು.

ಹೋದ ವರ್ಷದ ಹುಲ್ಲು ಮುಳುಗಿದಲ್ಲಿ,
ಮೊಣಕಾಲೂ ಮುಳುಗದ ನೀರಿನಲ್ಲಿ
ಷೂಕಾ ಬರುತ್ತವೆ,
ಮೊಸಳೆಮೂತಿಯ, ಒನಕೆಯಂಥ ಮೀನು.
ದೊಡ್ಡವಳ ಹಿಂದೆ ಮೂರು ಪುಟ್ಟ ಗಂಡುಗಳು,
ಬೆನ್ನು ನೀರಿನಿಂದ ಹೊರಗೆ,
ಹುಲ್ಲೆಲ್ಲ ನಡುಕ.
ಹೆರಿಗೆಗೆ ತವರೇ ಬೇಕೆಂಬ ಹಟ ಇವಕ್ಕೂ.
ಅಜ್ಜಿಯ ಅಜ್ಜಿ ಮೊಟ್ಟೆಯಿಟ್ಟ ಹುಲ್ಲುಗಾವಲು
ಈಗ ಹನ್ನೆರಡು ಮೀಟರ್ ಕೆಳಗೆ, ಕತ್ತಲಲ್ಲಿ.
ಸಿಕ್ಕ ದಡವೇ ತವರು.

ಮರಿ ಹೊರಬರಲು ಹದಿನಾಲ್ಕು ದಿನ.
ಅಷ್ಟು ದಿನ ನೀರು ನಿಂತಲ್ಲೇ ನಿಂತರೆ ಸಾಕು.
ಬೇರೇನೂ ಕೇಳಿಲ್ಲ ಅವು.

ಏಳನೆಯ ರಾತ್ರಿ ಚಳಿ ತಿರುಗಿ ಬಂತು.
ಪಟ್ಟಣದ ಹೀಟರುಗಳೆಲ್ಲ ಒಟ್ಟಿಗೆ ಎದ್ದವು,
ಅಣೆಕಟ್ಟೆಯ ಕಂಟ್ರೋಲ್ ರೂಮಿಗೆ ಫೋನು ಬಂತು,
ಮೂರು ರಾತ್ರಿ ಟರ್ಬೈನು ನಿಲ್ಲಲಿಲ್ಲ.
ನೀರು ಇಳಿದದ್ದು ಒಂದೇ ಮೊಳ.
ಚಪ್ಪಟೆ ದಡ; ಹಿಂದೆ ಸರಿದದ್ದು ನೂರಿಪ್ಪತ್ತು ಹೆಜ್ಜೆ.

ಹುಲ್ಲಿನ ಎಸಳೆಸಳಿಗೂ ಮೊಟ್ಟೆ,
ಬಿಸಿಲಿಗೆ ಹರವಿ ಮರೆತ ಸಾಬಕ್ಕಿಯ ಹಾಗೆ
ಬಿಳುಚಿಕೊಂಡು.
ಗ್ಲಾಫಿರಾ ಒಂದು ಎಸಳು ಕಿತ್ತು
ಭೂತಗನ್ನಡಿಯಲ್ಲಿ ನೋಡಿದಳು.
ನನಗೆ ತೋರಿಸಲಿಲ್ಲ. ನಾನೇ ಇಸಿದುಕೊಂಡೆ.
ಒಳಗೆ ಆಗಲೇ ಕಣ್ಣು ಮೂಡಿತ್ತು,
ಎರಡು ಕರಿ ಚುಕ್ಕಿ.

ಆ ಮೂರೂ ರಾತ್ರಿ ಕಂಟ್ರೋಲ್ ರೂಮಿನ ಪಾಳಿ
ಅವಳ ಗಂಡ ರೊದಿಯೋನನದು.
ಮನೆಯಲ್ಲಿ ರಂಪವಾಗಿರಬೇಕು ಅಂದುಕೊಂಡೆ.
ಆಗಲಿಲ್ಲವಂತೆ.
"ಆಸ್ಪತ್ರೆಗೂ ದೀಪ ಬೇಕಿತ್ತು" ಅಂದನಂತೆ.
"ಬೇಕಿತ್ತು" ಅಂದಳಂತೆ.
ಬೀಟ್‌ರೂಟ್ ಸಾರು ಆರಿಹೋಯಿತಂತೆ.

ಮೇ ತಿಂಗಳು. ಲೇಶ್ ಮೀನಿನ ಸರದಿ.
ಅವಕ್ಕೆ ತೇಲುವ ತೊಟ್ಟಿಲು ಕಟ್ಟುತ್ತಿದ್ದೇವೆ:
ಸ್ಪ್ರೂಸ್ ಮರದ ಕೊಂಬೆ, ಹಳೆ ಬಲೆಯ ಹಗ್ಗ,
ಎರಡು ಖಾಲಿ ಕ್ಯಾನು.
ನೀರು ಇಳಿದರೆ ಇದೂ ಇಳಿಯುತ್ತದೆ, ಏರಿದರೆ ಏರುತ್ತದೆ.
ಹೋದ ವರ್ಷ ನಲವತ್ತು ಕಟ್ಟಿದ್ದೆವು,
ಮೀನು ಒಪ್ಪಿದ್ದು ಹನ್ನೊಂದನ್ನು.
ಉಳಿದವು ಯಾಕೆ ಬೇಡವಾದವೋ
ಗ್ಲಾಫಿರಾಗೂ ಗೊತ್ತಿಲ್ಲ.

ಭಾನುವಾರ ರೊದಿಯೋನ್ ಬಂದ,
ಪಾಳಿ ಮುಗಿಸಿ, ನಿದ್ದೆಗಣ್ಣಲ್ಲಿ. ಕರೆದವರಿಲ್ಲ.
ಮೂಲೆಯಲ್ಲಿ ಕೂತು ಒಂದು ಕೊಂಬೆ ಎತ್ತಿಕೊಂಡ.
ಗಂಟು ಹಾಕಲು ಬಾರದು ಅವನಿಗೆ.
ಅವನು ಕಟ್ಟಿದ್ದನ್ನೆಲ್ಲ
ಅವಳು ಅವನೆದುರಿಗೇ ಬಿಚ್ಚುತ್ತಾಳೆ,
ಬಿಗಿದು ಮತ್ತೆ ಕಟ್ಟುತ್ತಾಳೆ,
ಮುಂದಿನ ಕೊಂಬೆ ಅವನ ಕೈಗೇ ಕೊಡುತ್ತಾಳೆ.

ನಾನು ಥರ್ಮಾಮೀಟರ್ ಇಳಿಬಿಡುತ್ತೇನೆ.
ಹದಿಮೂರು.